‘ಬೋರ್ ಹಾಕಿಸಬ್ಯಾಡ್ರಿ’ ಅನ್ನೋದಕ್ಕೆ ಆರು ಸಾವಿರ: ವಿಜಯಪುರದ ಒಬ್ಬ ನಿವೃತ್ತ ವಿಜ್ಞಾನಿಯ ಅಂತರ್ಜಲ ಸಲಹೆ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ. ನಮ್ಮಪ್ಪನ್ನ ಕೇಳಿದರೆ ಎರಡೇ ಕೊಡುತ್ತಿದ್ದರು, ಆದರೆ ಬರೀತಿರೋದು ನಾನು.

ನಮ್ಮದು ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ಪಡ, ಎರಡು ಎಕರೆ ಎರೆ ಹೊಲ. ಏಳು ವರ್ಷದಲ್ಲಿ ಮೂರು ಬೋರ್ ಹಾಕಿಸಿದ್ದೇವೆ. ಮೊದಲನೆಯದು 380 ಫೂಟು. ಎರಡು ವರ್ಷ ಚೆನ್ನಾಗಿ ನೀರು ಕೊಟ್ಟು ಆಮೇಲೆ ಬರೇ ಗಾಳಿ ಉಗುಳಿತು. ಎರಡನೆಯದು 520 ಫೂಟು, ಮೊದಲಿಂದ ಕೊನೆಯವರೆಗೆ ಧೂಳು. ಮೂರನೆಯದು 640. ಒಂದೂವರೆ ಇಂಚು ಬಂತು, ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು, ಮುಂದಿನ ಏಪ್ರಿಲ್ ಹೊತ್ತಿಗೆ ಅರ್ಧ ತಾಸು ಮೋಟರ್ ಓಡಿಸಿ ಎರಡು ತಾಸು ಕಾಯೋ ಸ್ಥಿತಿ. ಮೂರಕ್ಕೂ ಪಾಯಿಂಟ್ ತೋರಿಸಿದವರು ಮೂವರು. ಒಬ್ಬ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದ, ಕಾಯಿ ಎದ್ದು ನಿಂತ ಜಾಗವೇ ಪಾಯಿಂಟು. ಇನ್ನೊಬ್ಬನದು ಬೇವಿನ ಕವಲುಕಡ್ಡಿ. ಮೂರನೆಯವನು ತಾಮ್ರದ ತಂತಿ ತಂದಿದ್ದ, ಮೊಬೈಲ್ ಹತ್ತಿರ ಇದ್ದರೆ ತಂತಿ ತಿರುಗಲ್ಲ ಅಂತ ನಮ್ಮೆಲ್ಲರ ಫೋನು ಬದುವಿನ ಮೇಲೆ ಇಡಿಸಿದ.

ನಾಲ್ಕನೆಯದಕ್ಕೆ ಅಪ್ಪ ತಯಾರಾಗಿದ್ದರು. ಬೋರ್ ಗಾಡಿ ಏಜೆಂಟ ದಿನಾ ಫೋನ್ ಮಾಡುತ್ತಿದ್ದ, ಈ ಸಲ ಎಂಟುನೂರು ಫೂಟು ಹೋಗೋಣ, ಅಲ್ಲಿ ಪಾತಾಳಗಂಗೆ ಇದೆ ಅಂತ. ಅಷ್ಟರಲ್ಲಿ ಇಂಡಿಯಿಂದ ನಮ್ಮ ಸೋದರಮಾವ ಬಂದಿದ್ದರು, ಅವರದು ನಿಂಬೆ ತೋಟ. ‘ದುಡ್ಡು ಸುರಿಯೋ ಮುಂಚೆ ಒಮ್ಮೆ ಅವರನ್ನ ಕೇಳಿ ನೋಡ್ರಿ ಭಾವಾ’ ಅಂತ ಈ ವಿಜ್ಞಾನಿಯ ವಿಳಾಸ ಕೊಟ್ಟರು. ಜೀವಮಾನವೆಲ್ಲ ಅಂತರ್ಜಲದ ಮೇಲೆ ಸಂಶೋಧನೆ ಮಾಡಿ, ರಿಟೈರ್ ಆದ ಮೇಲೆ ಊರಿಗೆ ಬಂದು, ಮನೆ ಮುಂದಿನ ಕೋಣೆಯಲ್ಲಿ ಕೂತು ರೈತರಿಗೆ ಸಲಹೆ ಕೊಡುತ್ತಾರೆ. ಬೋರ್ಡಿನಲ್ಲಿ ‘ಡಾ.’ ಅಂತ ಇರೋದರಿಂದ ಆಗಾಗ ಮಂಡಿನೋವಿನವರೂ ಬರುತ್ತಾರಂತೆ. ನಾವು ಹೋದ ದಿನವೇ ಒಬ್ಬ ಅಜ್ಜಿ ಕೂತಿದ್ದರು, ಅವರಿಗೆ ಚಹಾ ಕುಡಿಸಿ ಕಳಿಸಿದರು.

ಕೋಣೆ ತುಂಬ ಬಾಟಲಿ. ಗೋಡೆಗೆ ಹೊಡೆದ ಕಪಾಟಿನಲ್ಲಿ ಔಷಧಿ ಅಂಗಡಿ ಹಾಗೆ ಸಣ್ಣ ಸಣ್ಣ ಪ್ಲಾಸ್ಟಿಕ್ ಬಾಟಲಿ, ಎಲ್ಲದರ ಮೇಲೂ ಊರು, ತಾರೀಖು, ನಂಬರು. ಅಪ್ಪ ಕೂತ ಕೂಡಲೇ ‘ಸಾಹೇಬ್ರ, ಎಲ್ಲಿ ಹೊಡಸ್ಲಿ ಹೇಳ್ರಿ’ ಅಂದರು. ಅವರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ನಿಮ್ಮ ಹೊಲದ ಸುತ್ತ ಎಷ್ಟು ಬಾವಿ, ಎಷ್ಟು ಬೋರು, ಯಾವುದು ಸಪ್ಪೆ, ಯಾವುದು ಸವಳು, ಯಾವ ತಿಂಗಳಲ್ಲಿ ಬತ್ತುತ್ತೆ, ಎಲ್ಲ ಬರೆದುಕೊಂಡು ಬನ್ನಿ, ಆಮೇಲೆ ನಾನು ಹೊಲಕ್ಕೆ ಬರುತ್ತೇನೆ ಅಂದರು. ಅಪ್ಪನಿಗೆ ಸಿಟ್ಟು. ದುಡ್ಡೂ ಕೊಡಬೇಕು, ಕೆಲಸಾನೂ ನಾವೇ ಮಾಡಬೇಕಾ ಅಂತ ದಾರಿಯುದ್ದಕ್ಕೂ ಬೈದರು. ನಾನೂ ನನ್ನ ತಮ್ಮನೂ ಎರಡು ದಿನ ಬೈಕಿನಲ್ಲಿ ಓಡಾಡಿ ಹನ್ನೊಂದು ಬಾವಿ-ಬೋರಿನ ಪಟ್ಟಿ ಮಾಡಿದೆವು. ಮಾಡುವಾಗಲೇ ಒಂದು ವಿಷಯ ಕಂಡಿತು. ಕೆರೆ ಕೆಳಗಿನ ಹಳ್ಳದ ಅಂಚಿನ ಬಾವಿಗಳು ಮೇ ತನಕ ತಡೆಯುತ್ತಿದ್ದವು, ದಿಬ್ಬದ ಮೇಲಿನ ಆಳದ ಬೋರುಗಳು ಜನವರಿಗೇ ಕೈ ಎತ್ತುತ್ತಿದ್ದವು. ಇಷ್ಟು ವರ್ಷ ಇದು ಕಣ್ಣ ಮುಂದೆಯೇ ಇತ್ತು, ಅಲ್ವಾ?

ಹೊಲಕ್ಕೆ ಬಂದವರು ಮೊದಲ ಒಂದು ತಾಸು ಮಷೀನು ಹೊರಗೆ ತೆಗೆಯಲೇ ಇಲ್ಲ. ಹಳ್ಳದ ದಡದಲ್ಲಿ ಮಣ್ಣು ಕೊಚ್ಚಿಹೋಗಿ ಕಲ್ಲು ಕಾಣುವ ಕಡೆ ನಿಂತು ನಮ್ಮನ್ನೂ ಕರೆದು ತೋರಿಸಿದರು. ಮೇಲೆ ಎರೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ತೂತು ತೂತಾದ ಕಲ್ಲು, ಆಮೇಲೆ ಒಂದು ಗೇಣು ಇಟ್ಟಂಗಿ ಬಣ್ಣದ ಕೆಂಪು ಮಣ್ಣು, ಅದರ ಕೆಳಗೆ ಮತ್ತೆ ಕರಿಕಲ್ಲು. ನಮ್ಮ ಜಿಲ್ಲೆಯ ಬಹುಪಾಲು ನಿಂತಿರೋದು ಈ ಕರಿಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಯ ಲಾವಾ ಹರಿದು ಆರಿ, ಅದರ ಮೇಲೆ ಮತ್ತೆ ಹರಿದು, ಹೀಗೆ ಪದರ ಪದರವಾಗಿ ಆದ ಕಲ್ಲು. ಎರಡು ಹರಿವಿನ ನಡುವೆ ಕೆಲವು ಕಡೆ ಉಳಿದದ್ದು ಆ ಕೆಂಪು ಮಣ್ಣು. ಗಟ್ಟಿ ಕರಿಕಲ್ಲಿನಲ್ಲಿ ನೀರು ನಿಲ್ಲೋಕೆ ಜಾಗವೇ ಇಲ್ಲ. ನಿಲ್ಲೋದು ಮೇಲಿನ ಕೊಳೆತ ಕಲ್ಲಿನಲ್ಲಿ, ಬಿರುಕಿನಲ್ಲಿ, ಪದರದ ಸಂದಿಯಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಅಂದರೆ ನಮ್ಮ ಏಜೆಂಟನ ಪಾತಾಳಗಂಗೆ ಲೆಕ್ಕ ತಲೆಕೆಳಗು.

ಆಮೇಲೆ ಮಷೀನು. ನಾಲ್ಕು ಕಬ್ಬಿಣದ ಗೂಟ ಒಂದೇ ಸಾಲಿನಲ್ಲಿ ಹೊಡೆದು, ಹೊರಗಿನ ಎರಡರಿಂದ ಕರೆಂಟು ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜು ಅಳೆಯುತ್ತಾರೆ. ಹೊರಗಿನ ಗೂಟ ದೂರ ದೂರ ಒಯ್ದಷ್ಟೂ ಕರೆಂಟು ಆಳಕ್ಕೆ ಇಳಿಯುತ್ತೆ. ಗೂಟ ಹೊಡೆದು ಹೊಡೆದು ನನ್ನ ಕೈ ಬೊಬ್ಬೆ ಬಂತು. ನನಗೆ ಹಿಡಿಸಿದ್ದು ಮಷೀನಿಗಿಂತ ಅವರು ಆಡಿದ ಮಾತು. ‘ಈ ಮಷೀನು ನೀರು ತೋರಸಂಗಿಲ್ಲೋ ತಮ್ಮಾ, ಕಲ್ಲು ಕರೆಂಟಿಗೆ ಎಷ್ಟು ಅಡ್ಡ ಬರ್ತೈತಿ ಅಷ್ಟ ಹೇಳ್ತೈತಿ’ ಅಂದರು. ಹಸಿ ಎರೆ ಮಣ್ಣಿದ್ದರೂ ಅಂಕಿ ಕಡಿಮೆ ಬರುತ್ತೆ, ಸವಳು ನೀರಿದ್ದರೂ ಕಡಿಮೆ ಬರುತ್ತೆ, ಒಳ್ಳೆ ನೀರಿನ ಕೊಳೆತ ಕಲ್ಲಿದ್ದರೂ ಕಡಿಮೆಯೇ. ಕಲ್ಲು ಓದೋಕೆ ಬರದವನ ಕೈಯಲ್ಲಿ ಇದೂ ಒಂದು ತೆಂಗಿನಕಾಯಿಯೇ. ತನ್ನ ಮಷೀನಿನ ಬಗ್ಗೆ ತಾನೇ ಹೀಗೆ ಹೇಳುವವರನ್ನ ಈ ಧಂದೆಯಲ್ಲಿ ನಾನು ಮೊದಲ ಸಲ ನೋಡಿದೆ.

ಇನ್ನು ಬಾಟಲಿ. ನಮ್ಮ ಮೂರನೇ ಬೋರು, ಹಳ್ಳದ ಪಕ್ಕದ ಅಜ್ಜನ ಬಾವಿ, ಊರ ಕೆರೆ, ಕೆರೆ ಕೆಳಗಿನ ಇನ್ನೊಂದು ಬಾವಿ, ಹೀಗೆ ನಾಲ್ಕು ಕಡೆ ನೀರು ಹಿಡಿಸಿದರು. ಬಾಟಲಿ ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಕೆಟ್ಟಿನಲ್ಲಿ ಮುಳುಗಿಸಿ ತುಂಬಿ, ನೀರಿನೊಳಗೇ ಮುಚ್ಚಳ ತಿರುಗಿಸಬೇಕು. ಒಂದು ಗುಳ್ಳೆ ಕೂಡ ಇರಬಾರದು. ನನ್ನ ಬಾಟಲಿ ತಲೆಕೆಳಗು ಮಾಡಿ ಬಿಸಿಲಿಗೆ ಹಿಡಿದು ನೋಡಿ, ಸಾಸಿವೆ ಗಾತ್ರದ ಗುಳ್ಳೆ ಕಂಡಿದ್ದಕ್ಕೆ ಮತ್ತೆ ಮಾಡಿಸಿದರು. ಮತ್ತೆ. ಮತ್ತೆ. ನಾಲ್ಕನೇ ಸಲಕ್ಕೆ ಪಾಸಾದೆ.

ಯಾಕಿಷ್ಟು ಅಂತ ಕೇಳಿದರೆ, ಬಾವಿಕಟ್ಟೆ ಮೇಲೆ ಕೂತು ಶುರು ಮಾಡಿದರು. ನೀರಿನಲ್ಲಿರೋ ಆಮ್ಲಜನಕ ಎಲ್ಲ ಒಂದೇ ತೂಕದ್ದಲ್ಲ. ಹೆಚ್ಚಿನದು 16 ತೂಕದ್ದು, ಸುಮಾರು ಐನೂರರಲ್ಲಿ ಒಂದು ಮಾತ್ರ 18. ಹೈಡ್ರೋಜನ್‌ನಲ್ಲೂ ಆರು ಸಾವಿರ ಚಿಲ್ಲರೆಯಲ್ಲಿ ಒಂದು ಭಾರದ್ದು. ಇವಕ್ಕೇ ಐಸೊಟೋಪು ಅನ್ನೋದು. ಬಿಸಿಲಿಗೆ ನೀರು ಆರುವಾಗ ಹಗುರ ನೀರು ಮೊದಲು ಹಾರುತ್ತೆ, ಭಾರದ್ದು ಉಳಿಯುತ್ತೆ. ‘ಜಾತ್ರಿ ಮುಗದ ಮ್ಯಾಲೆ ಬಸ್‌ಸ್ಟ್ಯಾಂಡ್‌ನ್ಯಾಗ ಕಡೀಕ ಯಾರ್ ಉಳೀತಾರ? ಗಂಟು-ಮೂಟಿ ಇದ್ದವ್ರು. ಹಗರ ಇದ್ದವ್ರು ಓಡಿ ಬಸ್ ಹತ್ತಿರ್ತಾರ.’ ಹಾಗಾಗಿ ತಿಂಗಳುಗಟ್ಟಲೆ ಬಿಸಿಲು ಕುಡಿದ ಕೆರೆ ನೀರಿನಲ್ಲಿ ಗಂಟು-ಮೂಟೆಯವರೇ ಜಾಸ್ತಿ. ಆ ನೀರು ನೆಲದೊಳಗೆ ಇಳಿದು ಬಾವಿ ಸೇರಿದರೂ ಆ ಗುರುತು ಅಳಿಸಿಹೋಗಲ್ಲ. ಬಾಟಲಿಯಲ್ಲಿ ಗಾಳಿ ಇದ್ದರೆ ನೀರು ಅಲ್ಲೇ ಆರೋಕೆ ಶುರು, ಬಾಟಲಿ ಸುಳ್ಳು ಹೇಳುತ್ತೆ.

1961ರಲ್ಲಿ ಹಾರ್ಮನ್ ಕ್ರೇಗ್ ಅನ್ನೋ ಅಮೆರಿಕದ ವಿಜ್ಞಾನಿ ಪ್ರಪಂಚದ ಬೇರೆ ಬೇರೆ ಕಡೆಯ ಮಳೆ, ನದಿ ನೀರಿನ ಭಾರದ ಆಮ್ಲಜನಕ, ಭಾರದ ಹೈಡ್ರೋಜನ್ ಅಂಕಿ ಗ್ರಾಫಿಗೆ ಹಾಕಿ ನೋಡಿದಾಗ ಎಲ್ಲ ಹೆಚ್ಚುಕಡಿಮೆ ಒಂದೇ ಗೆರೆ ಮೇಲೆ ಕೂತವಂತೆ. ಬಿಸಿಲಿಗೆ ಆರಿದ ನೀರು ಮಾತ್ರ ಆ ಗೆರೆ ಬಿಟ್ಟು ಪಕ್ಕಕ್ಕೆ ಜಾರುತ್ತೆ. ಕ್ಯಾಲೆಂಡರಿನ ಹಾಳೆ ಹಿಂದೆ ಆ ಗೆರೆ ಎಳೆದು ತೋರಿಸಿದರು. ಆ ಹಾಳೆ ನಮ್ಮ ಮನೆಯಲ್ಲಿ ಇನ್ನೂ ಇದೆ, ಅವ್ವ ಅದರ ಮುಂದಿನ ಭಾಗದಲ್ಲಿ ಹಾಲಿನ ಲೆಕ್ಕ ಬರೆದಿದ್ದಾಳೆ.

ನೀರಿನ ವಯಸ್ಸು ಹೇಳೋದು ಟ್ರಿಟಿಯಂ. ಅದು ಇನ್ನೂ ಭಾರದ ಹೈಡ್ರೋಜನ್, ಸುಮಾರು 12.3 ವರ್ಷಕ್ಕೆ ಅರ್ಧ ಕರಗುತ್ತೆ. 1950-60ರ ದಶಕದಲ್ಲಿ ದೊಡ್ಡ ದೇಶಗಳು ಆಕಾಶದಲ್ಲಿ ಅಣುಬಾಂಬು ಸಿಡಿಸಿದಾಗ ಮಳೆಯಲ್ಲಿ ಇದು ವಿಪರೀತ ಏರಿತು, 1963ರ ಹೊತ್ತಿಗೆ ತುತ್ತತುದಿ. ಬಾಂಬಿಗೆ ಮುಂಚೆ ನೆಲಕ್ಕಿಳಿದ ನೀರಿನಲ್ಲಿ ಈಗ ಇದು ಹೆಚ್ಚುಕಡಿಮೆ ಉಳಿದೇ ಇಲ್ಲ. ಎಲ್ಲೋ ಸಿಡಿಸಿದ ಬಾಂಬು ನಮ್ಮ ಬಾವಿ ನೀರಿಗೆ ತಾರೀಖು ಹಾಕಿ ಹೋಗಿದೆ ಅನ್ನೋದು ನನಗಂತೂ ಆ ರಾತ್ರಿಯೆಲ್ಲ ತಲೆಯಲ್ಲಿ ತಿರುಗುತ್ತಿತ್ತು.

ಅವರ ಹಳೆ ಕಥೆ ಕೇಳೋಕೆ ಬೇರೆ ದುಡ್ಡಿಲ್ಲ, ಆದರೆ ಟೈಮ್ ಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡಿದ್ದು ಮಳೆ ನೀರು ನೆಲಕ್ಕೆ ಎಷ್ಟು ಇಂಗುತ್ತೆ ಅಂತ ಅಳೆಯೋದು. ಮಳೆಗಾಲಕ್ಕೆ ಮುಂಚೆ ಬೇರಿನ ಪದರದ ಕೆಳಗೆ ಸಣ್ಣ ಕೊಳವೆಯಲ್ಲಿ ಸ್ವಲ್ಪ ಟ್ರಿಟಿಯಂ ಬೆರೆಸಿದ ನೀರು ಬಿಟ್ಟು ಗುರುತು ಹಾಕಿ ಬರೋದು. ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ ಗೇಣು ಗೇಣಿಗೆ ಮಣ್ಣು ತೆಗೆದು, ಆ ಗುರುತು ಎಷ್ಟು ಕೆಳಗೆ ಇಳಿದಿದೆ ಅಂತ ನೋಡೋದು. ಗುರುತಿನ ಮೇಲೆ ಮಳೆ ನೀರು ಕೂತು ಅದನ್ನ ಕೆಳಗೆ ತಳ್ಳಿರುತ್ತೆ. ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ಇದನ್ನ ದೇಶದ ಎಷ್ಟೋ ಕಡೆ ಮಾಡಿದೆ. ಒಂದು ಊರಿನಲ್ಲಿ ಇವರು ಬಂಗಾರ ಹುಡುಕ್ತಾರೆ ಅಂತ ಸುದ್ದಿಯಾಗಿ, ಮಳೆ ಮುಗಿಸಿ ವಾಪಸ್ ಹೋಗುವಷ್ಟರಲ್ಲಿ ಗುರುತಿನ ಜಾಗವನ್ನೇ ಜನ ಆಳೆತ್ತರ ಅಗೆದಿದ್ದರಂತೆ. ಒಂದು ವರ್ಷದ ಕೆಲಸ ಮಣ್ಣುಪಾಲು. ನಗುತ್ತಲೇ ಹೇಳಿದರು.

ಆಮೇಲೆ ಕಾರ್ಬನ್-14. ತುಂಬ ಹಳೆ ನೀರಿನ ವಯಸ್ಸಿಗೆ ಇದು, 5,730 ವರ್ಷಕ್ಕೆ ಅರ್ಧ. ಆಗ ಒಂದು ಬಾವಿಯ ಪರೀಕ್ಷೆಗೆ ನೂರು ಲೀಟರ್ ಮೇಲೆ ನೀರು ಡ್ರಮ್ಮಿಗೆ ತುಂಬಿ, ಅಲ್ಲೇ ಹೊಲದಲ್ಲಿ ರಾಸಾಯನಿಕ ಹಾಕಿ ಕಾರ್ಬೊನೇಟು ತಳಕ್ಕೆ ಇಳಿಸಿ, ಆ ಬಿಳಿ ಗಸಿ ಬಾಟಲಿಯಲ್ಲಿ ಲ್ಯಾಬಿಗೆ ಒಯ್ಯಬೇಕಿತ್ತು. ಈಗ ವೇಗವರ್ಧಕ ಯಂತ್ರ ಬಂದು ಒಂದು ಲೀಟರ್ ಸಾಕು, ಅಹಮದಾಬಾದಿನ ಭೌತ ಸಂಶೋಧನಾಲಯ ಪಿಆರ್‌ಎಲ್‌ನಲ್ಲೂ ಅಂಥ ಯಂತ್ರ ಇದೆ. ‘ನನ್ನ ಟೊಂಕ ಹೋದ ಮ್ಯಾಲೆ ಮಷೀನು ಬಂತು’ ಅಂತ ಸೊಂಟ ಒತ್ತಿಕೊಂಡರು. ಜೈಸಲ್ಮೇರ್ ಕಡೆ ಭಾಭಾ ಅಣು ಸಂಶೋಧನಾ ಕೇಂದ್ರದವರು ನೋಡಿದ ನೀರು ಸಾವಿರಾರು ವರ್ಷ ಹಳೆಯದಂತೆ. ಅಂಥ ನೀರು ಮೇಲೆತ್ತಿದರೆ ಈಗಿನ ಮಳೆ ಅದನ್ನ ತುಂಬಿ ಕೊಡೋದು ಅಷ್ಟರಲ್ಲೇ ಇದೆ.

ಇಷ್ಟೆಲ್ಲ ಕೇಳಿದರೂ ಅಪ್ಪ ಕರಗಿರಲಿಲ್ಲ. ಕರಗಿದ್ದು ನಕ್ಷೆ ನೋಡಿ. ಎರಡನೇ ಸಲ ಅವರ ಮನೆಗೆ ಹೋದಾಗ ಒಂದು ಹಳೆ ಕೈನಕ್ಷೆ ಬಿಚ್ಚಿದರು, ಮಡಿಕೆ ಮಡಿಕೆಗೂ ಟೇಪು ಅಂಟಿಸಿದ್ದರು. ಅದರಲ್ಲಿ ನಮ್ಮೂರು, ನಮ್ಮ ಹಳ್ಳ, ಹಳ್ಳದ ಪಕ್ಕ ಒಂದು ಚುಕ್ಕೆ, ನಂಬರು 17. ನಮ್ಮಜ್ಜನ ಬಾವಿ! 1991ರ ಮೇನಲ್ಲಿ ಸುತ್ತಲ ಊರುಗಳ ನೀರು ಹಿಡಿಯುವಾಗ ಅಲ್ಲೂ ಒಂದು ಬಾಟಲಿ ಹಿಡಿದಿದ್ದರು. ಆಗ ನೀರಿನ ಲವಣ ಹೇಳುವ ಅಂಕಿ 980, ನೆಲದಿಂದ ನೀರು 19 ಫೂಟಿಗೆ. ಈಗ 1,640. ಅಪ್ಪ ಬಹಳ ಹೊತ್ತು ಆ ಚುಕ್ಕೆ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ, ‘ಹೌದು, ಸ್ಕೂಟರಿನಲ್ಲಿ ಒಬ್ಬ ಹುಡುಗ ಬಂದು ಬಾಟಲಿಗೆ ನೀರು ಕೇಳಿದ್ದ, ನಮ್ಮಪ್ಪ ಅವನಿಗೆ ರೊಟ್ಟಿ-ಶೇಂಗಾ ಹಿಂಡಿ ಕೊಟ್ಟಿದ್ದ’ ಅಂದರು. ನನಗೆ ನಂಬಿಕೆ ಇಲ್ಲ. ಮನೆಗೆ ಬಂದವರಿಗೆಲ್ಲ ರೊಟ್ಟಿ ಕೊಟ್ಟ ಕಥೆ ಅಪ್ಪ ಹೇಳುತ್ತಲೇ ಇರುತ್ತಾರೆ. ಆದರೆ ಸಾಹೇಬರು ಹೌದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮೂವತ್ತು ವರ್ಷ ಅವರು ಬರೆದ ಲೇಖನಗಳಲ್ಲಿ ನಮ್ಮೂರ ಬಾವಿ ಒಂದು ನಂಬರಾಗಿ ಕೂತಿತ್ತು, ನಮಗೆ ಗೊತ್ತೇ ಇರಲಿಲ್ಲ. ಇದು ನನಗೆ ಸ್ವಲ್ಪ ಬೇಜಾರೂ ಆಯಿತು, ಯಾರ ಮೇಲೆ ಅಂತ ಹೇಳೋಕೆ ಬರಲ್ಲ.

ಫಲಿತಾಂಶಕ್ಕೆ ಬರುತ್ತೇನೆ. ಕೃಷ್ಣೆ ನೀರಿನಿಂದ ಕೆರೆ ತುಂಬಿಸುವ ಯೋಜನೆಯಲ್ಲಿ ನಮ್ಮ ಕೆರೆಯೂ ತುಂಬುತ್ತೆ. ಕೆರೆ ತುಂಬಿದರೆ ಬೋರಿಗೂ ಬರುತ್ತೆ ಅಂತ ಊರೆಲ್ಲ ನಂಬಿತ್ತು, ನಾವೂ ನಂಬಿದ್ದೆವು. ಅಜ್ಜನ ಬಾವಿ ನೀರಿನಲ್ಲಿ ಕೆರೆಯ ಗುರುತು ಚೆನ್ನಾಗಿ ಸಿಕ್ಕಿತು, ಕೆಳಗಿನ ಇನ್ನೊಂದು ಬಾವಿಯಲ್ಲೂ. ನಮ್ಮ 640 ಫೂಟಿನ ಬೋರಿನಲ್ಲಿ ಆ ಗುರುತೇ ಇಲ್ಲ. ಟ್ರಿಟಿಯಮ್ಮೂ ಅಳತೆಗೆ ಸಿಗದಷ್ಟು ಕಡಿಮೆ. ಅಂದರೆ ಬಹುಪಾಲು ನನ್ನ ಅಜ್ಜ ಹುಡುಗನಾಗಿದ್ದಾಗ ಇಳಿದ ನೀರು, ಅಥವಾ ಅದಕ್ಕೂ ಹಳೆಯದು. ಆ ಬಿರುಕಿಗೆ ಕೆರೆಯ ಸಂಬಂಧ ಇಲ್ಲ, ಪಕ್ಕದ ಹೊಲದ ಬೋರಿನ ಸಂಬಂಧ ಮಾತ್ರ ಇದೆ. ‘ಒಂದ ಎಳನೀರಿಗೆ ಎರಡು ಪೈಪ ಹಾಕೀರಿ, ಈಗ ಮೂರನೇದು ಹಾಕಾಕ ಹೊಂಟೀರಿ’ ಅಂದರು. ವರದಿಯ ಕೊನೆಯಲ್ಲಿ ಒಂದೇ ಸಾಲು, ಹೊಸ ಬೋರ್ ಬೇಡ, ಹಳೆ ಬಾವಿ ಹೂಳು ತೆಗೆಸಿ.

ಆ ಬಾವಿಯನ್ನ ನಾವು ಕಸದ ಗುಂಡಿ ಮಾಡಿಕೊಂಡಿದ್ದೆವು. ಒಂದು ಮೂಲೆಯಲ್ಲಿ ಹಗ್ಗ ಇಳಿಯುವಷ್ಟು ನೀರು, ಉಳಿದದ್ದೆಲ್ಲ ಕಲ್ಲು, ಮುರಿದ ಕಂಬ, ಡ್ರಿಪ್ ಪೈಪು, ಹರಿದ ಟಾರ್ಪಾಲಿನ್. ಹದಿನೈದು ದಿನ ಕ್ರೇನ್ ಹಚ್ಚಿ ತೆಗೆಸಿದೆವು. ತಳದಲ್ಲಿ ಪಡುವಣ ಮಗ್ಗುಲಿಗೆ ಆ ಕೆಂಪು ಪದರದ ಮೇಲಿನಿಂದ ಹೆಬ್ಬೆರಳು ದಪ್ಪದ ಸೆಲೆ ಜಿನುಗುತ್ತಿತ್ತು. ಕೆಳಗಿಳಿದಿದ್ದ ತಮ್ಮ ಅಲ್ಲಿಂದಲೇ ಕೂಗಿದ. ನಾಲ್ಕು ಎಕರೆಗೂ ಸಾಲುತ್ತೆ ಅಂತ ಹೇಳಲ್ಲ. ಸಾಲಲ್ಲ. ಒಂದು ಎಕರೆ ಪಡ ಕಿತ್ತು ಅಲ್ಲಿ ಕೃಷಿ ಹೊಂಡ ಮಾಡಿದ್ದೇವೆ, ಮೂರು ಎಕರೆ ಡ್ರಿಪ್‌ನಲ್ಲಿ ನಡೀತಿದೆ, ಈ ಬೇಸಿಗೆ ಟ್ಯಾಂಕರ್ ತರಿಸಲಿಲ್ಲ.

ಇನ್ನೊಂದು ಮಾತು, ಇದನ್ನ ಕೇಳದೆಯೇ ಹೇಳಿದರು. ಅಜ್ಜನ ಬಾವಿ ನೀರು ಕುಡಿಯಬೇಡಿ. ನೈಟ್ರೇಟು ಲೀಟರಿಗೆ 78 ಮಿಲಿಗ್ರಾಂ ಬಂದಿದೆ, ಕುಡಿಯುವ ನೀರಿಗೆ ಮಿತಿ 45. ಬಾಟಲಿಗೆ ಹಾಲುಪುಡಿ ಕಲಸಿ ಕುಡಿಸುವ ಸಣ್ಣ ಕೂಸುಗಳಿಗೆ ಇದು ಕೆಟ್ಟದ್ದು. ಗೊಬ್ಬರದ್ದೋ, ದನದ ಕೊಟ್ಟಿಗೆಯದ್ದೋ ಅಂತ ಸಾರಜನಕದ ಐಸೊಟೋಪು ನೋಡಿ ಹೇಳಬಹುದಂತೆ, ಆದರೆ ‘ಅದಕ್ಕ ರೊಕ್ಕ ಹಾಕಬ್ಯಾಡ್ರಿ, ಕೊಟಗಿ ಬಾವಿಗೆ ಹತ್ತ ಹೆಜ್ಜಿ ಐತಿ, ನನಗ ಕಾಣ್ತೈತಿ’ ಅಂದರು. ಫ್ಲೋರೈಡು ಮಾತ್ರ 0.8, ಮಿತಿಯೊಳಗೇ ಇದೆ.

ಈಗ ಕಡಿಮೆಯಾದ ಒಂದು ಸ್ಟಾರ್. ಫೋನ್ ಎತ್ತಲ್ಲ. ರಾಸಾಯನಿಕ ಪರೀಕ್ಷೆಗೆ ಮೂರು ವಾರ, ಐಸೊಟೋಪಿಗೆ ನಾಲ್ಕು ತಿಂಗಳು. ಅಷ್ಟರಲ್ಲಿ ಅಪ್ಪ ಎರಡು ಸಲ ಗಾಡಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದರು. ವರದಿ ಹನ್ನೊಂದು ಪುಟ, ಪೂರ್ತಿ ಇಂಗ್ಲಿಷು, ಕೊನೆಯ ಆ ಒಂದು ಸಾಲು ಮಾತ್ರ ಕನ್ನಡ. ಕನ್ನಡದಲ್ಲಿ ಇಷ್ಟು ಚಂದ ಮಾತಾಡುವವರು ಯಾಕೆ ಹೀಗೆ ಬರೆಯುತ್ತಾರೋ ಗೊತ್ತಿಲ್ಲ, ಕೇಳಿದರೆ ‘ಕೈಗೆ ರೂಢಿ’ ಅಂದರು. ಏನು ಕೇಳಿದರೂ ಮೊದಲ ಉತ್ತರ ‘ಖಾತ್ರಿ ಹೇಳಾಕ ಬರಂಗಿಲ್ಲ’. ತೆಂಗಿನಕಾಯಿಯವನು ‘ಎರಡು ಇಂಚು ಗ್ಯಾರಂಟಿ’ ಅಂತ ಎದೆ ತಟ್ಟಿ ಹೇಳಿದ್ದ, ಹಾಗಾಗಿ ಅಪ್ಪನಂಥವರಿಗೆ ಇವರ ಮಾತು ಕೇಳೋದು ಕಷ್ಟ.

ಖರ್ಚು ಹೀಗಾಯಿತು: ಹೊಲಕ್ಕೆ ಬಂದು ನೋಡಿದ್ದಕ್ಕೆ, ಮಷೀನು ಸೇರಿ, 6,000. ಲ್ಯಾಬಿನ ರಾಸಾಯನಿಕ ಪರೀಕ್ಷೆ 1,800. ಐಸೊಟೋಪಿಗೆ ನಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ, ಅದು ಅವರ ಆಸೆಗೆ ಮಾಡಿದ್ದು, ಹಳೆ ಶಿಷ್ಯರ ಕೈಯಲ್ಲಿ ಮಾಡಿಸುತ್ತಾರಂತೆ. ಎಲ್ಲರಿಗೂ ಮಾಡಿಕೊಡುತ್ತಾರೆ ಅಂತ ಹೋಗಬೇಡಿ. ಡೋಣಿ ನದಿ ದಂಡೆಯವರು ಹೋದರೆ ಸಿಕ್ಕಾಪಟ್ಟೆ ಖುಷಿಪಡುತ್ತಾರೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅನ್ನುವಂಥ ಭೂಮಿಯಲ್ಲಿ ನೀರು ಯಾಕೆ ಸವಳು ಅನ್ನೋದು ಅವರಿಗೆ ಇನ್ನೂ ಕಾಡುತ್ತಿರೋ ಪ್ರಶ್ನೆ.

ಮತ್ತೆ, ಮಾತಿನ ನಡುವೆ ಆದಿಲ್‌ಶಾಹಿಗಳ ವಿಷಯ ಎತ್ತಬೇಡಿ. ನಾನು ಸುಮ್ನೆ ತಾಜ್ ಬಾವಡಿ ಅಂದೆ, ತೊರವಿಯಿಂದ ಸುರಂಗ ಕೊರೆದು ನಗರಕ್ಕೆ ನೀರು ತಂದದ್ದು, ಬೇಗಂ ತಲಾಬ್, ಒತ್ತಡ ತಗ್ಗಿಸೋಕೆ ಕಟ್ಟಿದ ನೀರಿನ ಗೋಪುರಗಳು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನಮ್ಮೂರ ಕೊನೆ ಬಸ್ಸು ಹೋಗಿತ್ತು.

ಹೋಗುವವರು ಹಳೆ ಬೋರಿನ ಬಿಲ್ಲು ಇದ್ದರೆ ತೆಗೆದುಕೊಂಡು ಹೋಗಿ, ಎಷ್ಟು ಫೂಟು ಕೇಸಿಂಗ್ ಪೈಪು ಇಳಿದಿದೆ ಅಂತ ಮೊದಲು ಅದನ್ನೇ ಕೇಳುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಿರುತ್ತಾರೆ. ನೀರು ಬಾಟಲಿಯಲ್ಲಿ ತುಂಬಿಕೊಂಡು ಹೋಗೋದಿದ್ದರೆ ಗುಳ್ಳೆ ಇಲ್ಲದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.